ಆರಿಸಿದರೂ ಮಲಗದ ಗೆರೆ

ಎಪ್ಪತ್ಮೂರನೇ ಇಸವಿ. ನಮ್ಮ ಓಣಿಯ ದಸ್ತಗೀರ್‌ಸಾಬ್ ಪಾಮನಕಲ್ಲೂರಿನಿಂದ ಕಡೇ ಬಸ್ಸಿಗೆ ಬಂದು ಮಸ್ಕಿಯಲ್ಲಿಳಿದ. ಗುಡ್ಡದ ಮೇಲೆ ಟೆಲಿಫೋನಿನವರ ಮೈಕ್ರೋವೇವ್ ಗೋಪುರ, ಅದರ ಬುಡದಲ್ಲಿ ಠಾಣೆ; ಅಲ್ಲಿ ಮೆಕ್ಯಾನಿಕ್ ಆಗಿದ್ದ ಅವನು ಅಲ್ಲಿಗೇ ನಡೆದು ಹೊರಟ. ದಾರಿಯಲ್ಲೊಂದು ಹಾಳು ಬಾವಿ. ಅದರ ಹತ್ತಿರ ಬಂದಾಗ ಮೇಲಿನಿಂದ ಕೇಳಿಸಿತು.

ಟಣ್... ಟಣ್.

ಗೋಪುರದ ಕಬ್ಬಿಣಕ್ಕೆ ನಟ್ಟು ತಿರುಗಿಸುವ ಪಾನಾ ಬಡಿದ ಸದ್ದು. ಎರಡೇ ಸಲ. ಗಾಳಿ ಇರಲಿಲ್ಲ.

ಆ ಎರಡು ಬಡಿತದ ಅರ್ಥ ಗೊತ್ತಿದ್ದವರು ಇಬ್ಬರು. ಒಬ್ಬ ದಸ್ತಗೀರ್‌ಸಾಬ್. ಇನ್ನೊಬ್ಬ ಗೋಪುರ ಹತ್ತುತ್ತಿದ್ದ ದ್ಯಾವಪ್ಪ. ಗೋಪುರದಿಂದ ಬಿದ್ದ ದ್ಯಾವಪ್ಪನನ್ನು ಮಣ್ಣು ಮಾಡಿ ಇಪ್ಪತ್ತು ದಿನವಾಗಿತ್ತು.

ದಸ್ತಗೀರ್‌ಸಾಬ್ ಈಗ ಬರುತ್ತಿದ್ದದ್ದೂ ದ್ಯಾವಪ್ಪನ ಮನೆಯಿಂದಲೇ. ಮರುದಿನ ಆ ಸಾವಿನ ವಿಚಾರಣೆ. ತಪ್ಪು ಸತ್ತವನದೇ ಎಂದಾದರೆ ಅವನ ಹೆಂಡತಿ ಯಮನಮ್ಮನಿಗೆ ಪರಿಹಾರವೆಂದು ಕೊಡುವ ಠಾಣೆಯ ಕಸಗುಡಿಸುವ ಕೆಲಸವೂ ಇಲ್ಲ. ಅವಳು ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಬೆಲ್ಟ್ ಇತ್ತೇನ್ರಿ ಅಣ್ಣಾರ? ಹುಣಸಿ ಗಿಡ ಹತ್ತಬೇಕಾದ್ರೂ ನಡಕ್ಕ ಹಗ್ಗ ಕಟಗೊಳ್ಳೋ ಮನಷಾ ಅಂವ."

ನಾಳೆ ಹೇಳುತ್ತೇನೆಂದು ಇವನು ಎದ್ದು ಬಂದಿದ್ದ.

ಗೋಪುರ ಹತ್ತುವವರು ನಡುವಿಗೆ ಕಟ್ಟಿಕೊಳ್ಳುವ ಬೆಲ್ಟ್ ಆ ರಾತ್ರಿ ಇರಲಿಲ್ಲ. ಅದು ಜೀಪಿನಲ್ಲಿತ್ತು, ಜೀಪನ್ನು ಠಾಣೆಯ ಇಂಜಿನಿಯರ್ ಸಾಹೇಬರು ಲಿಂಗಸುಗೂರಿಗೆ ಒಯ್ದಿದ್ದರು. ಬೆಳಗಾಗುವುದರೊಳಗೆ ಕೇಬಲ್ಲಿನ ಪರೀಕ್ಷೆ ಮುಗಿಯಬೇಕು ಎಂದಿದ್ದರು. "ಹತ್ತು ನಿಮಿಷದ ಕೆಲಸ, ಮ್ಯಾಲ ಹತ್ತು" ಎಂದು ದ್ಯಾವಪ್ಪನನ್ನು ಮೇಲೆ ಕಳಿಸಿದವನು ಮಾತ್ರ ದಸ್ತಗೀರ್‌ಸಾಬನೇ.

"ಕೆಳಗ ಕುಂತು ಗೆರಿ ನೋಡೋದು ನಿಮ್ಮ ಪಾಲು, ಗಾಳಿ ತಿನ್ನೋದು ನಮ್ಮ ಪಾಲು, ಹೌದಿಲ್ರಿ ಸಾಬ್ರ?" ಎಂದು ದ್ಯಾವಪ್ಪ ನಕ್ಕೇ ಹತ್ತಿದ್ದ.

ಠಾಣೆಯ ಕೋಣೆಯಲ್ಲಿ ಹೈದರಾಬಾದಿನಿಂದ ತಂದ ಪರೀಕ್ಷೆಯ ಯಂತ್ರವಿತ್ತು. ನೆಟ್‌ವರ್ಕ್ ಅನಲೈಸರ್. ಅದರೊಳಗೆ ಸೋರ್ಸ್ ಎಂಬ ಪೆಟ್ಟಿಗೆ. ರೇಡಿಯೋ ಅಲೆ ಹುಟ್ಟುವುದು ಅಲ್ಲಿ. ಕೆಳಸ್ವರದಿಂದ ಮೇಲುಸ್ವರಕ್ಕೆ ಒಂದೇ ಸಮನೆ ಏರುತ್ತದೆ, ಮತ್ತೆ ಮೊದಲಿನಿಂದ ಏರುತ್ತದೆ. ಹೊರಟ ಅಲೆಯಲ್ಲಿ ಒಂದು ಬೊಗಸೆಯಷ್ಟನ್ನು ಯಂತ್ರ ಸಾಕ್ಷಿಗೆಂದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅದನ್ನು ನೋಡಿಯೇ ಸೋರ್ಸಿನ ಬಲ ಹೆಚ್ಚುಕಡಿಮೆಯಾಗದಂತೆ ಹಿಡಿಯುತ್ತದೆ. ಉಳಿದದ್ದು ದಪ್ಪ ಕೇಬಲ್ಲಿನಲ್ಲಿ ಗೋಪುರದ ತುದಿಗೆ ಹೋಗುತ್ತದೆ. ತುದಿಗೆ ಲೋಡ್ ಎಂಬ ಹಿತ್ತಾಳೆಯ ಮುಚ್ಚಳ ತಿರುಗಿಸಿ ಕೂರಿಸಿದ್ದರೆ, ಗದ್ದೆಗೆ ಬಿಟ್ಟ ನೀರಿನಂತೆ ಅಲೆ ಅಲ್ಲೇ ಇಂಗುತ್ತದೆ. ಯಂತ್ರದ ಗಾಜಿನ ಪರದೆಯ ಮೇಲಿನ ಬೆಳಕಿನ ಗೆರೆ ಮಲಗುತ್ತದೆ. ಮುಚ್ಚಳ ತೆಗೆದರೆ ಒಡ್ಡಿಗೆ ಬಡಿದಂತೆ ಅಲೆ ತಿರುಗಿ ಬರುತ್ತದೆ. ಯಂತ್ರ ಅದನ್ನು ಸಾಕ್ಷಿಯ ಜೊತೆ ಹೋಲಿಸುತ್ತದೆ. ಗೆರೆ ಏಳುತ್ತದೆ.

ದ್ಯಾವಪ್ಪ ಮುಚ್ಚಿದರೆ ಒಂದು ಬಡಿತ. ತೆಗೆದರೆ ಎರಡು. ಅದು ಅವರಿಬ್ಬರ ರೂಢಿ.

ಆ ರಾತ್ರಿ ಎರಡು ಬಡಿದಿದ್ದ. ಒಂದು ಬಡಿಯಲಿಲ್ಲ. ಬಿದ್ದವನ ಮುಷ್ಟಿಯಲ್ಲಿ ಲೋಡ್ ಇತ್ತು. ದಸ್ತಗೀರ್‌ಸಾಬನೇ ಬೆರಳು ಬಿಡಿಸಿ ತೆಗೆದು, ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದ. ಆಮೇಲೆ ಗೋಪುರವನ್ನು ಯಾರೂ ಹತ್ತಿರಲಿಲ್ಲ.

ಈಗ ಗುಡ್ಡ ಹತ್ತಿ ಬಂದು ಕೋಣೆಯ ಬಾಗಿಲು ತೆರೆದ. ಯಂತ್ರದ ದೀಪ ಉರಿಯುತ್ತಿತ್ತು... ಹಚ್ಚಿದವರು ಯಾರೋ. ಗೆರೆ ಎದ್ದು ನಿಂತಿತ್ತು. ಇರಲಿ, ತುದಿ ಬಿಚ್ಚಿದೆಯಲ್ಲ, ಎಂದುಕೊಂಡು ಗುಂಡಿ ಒತ್ತಿ ಸೋರ್ಸನ್ನು ಆರಿಸಿದ. ಕಟ್. ಒಳಗಿನ ಗುಂಯ್ ಸದ್ದು ನಿಂತಿತು.

ಗೆರೆ ಮಲಗಲಿಲ್ಲ.

ಕಳಿಸದೆ ಇದ್ದದ್ದು ತಿರುಗಿ ಬರುತ್ತಿತ್ತು.

ಟಣ್... ಟಣ್. ನೆತ್ತಿಯ ಮೇಲೇ.

ದಸ್ತಗೀರ್‌ಸಾಬ್ ಗೋಡೆಗೆ ಒರಗಿದ. "ದ್ಯಾವಾ..." ಪಿಸುಗುಟ್ಟಿದ. "ಬೆಲ್ಟ್ ಇರಲಿಲ್ಲಂತ ಹೇಳ್ತೀನಿ. ಹತ್ತಂದಾಂವ ನಾನಂತನೂ ಹೇಳ್ತೀನಿ. ನಾಳೆ."

ಬಹಳ ಹೊತ್ತು ಏನೂ ಇಲ್ಲ... ಆಮೇಲೆ,

ಟಣ್.

ಒಂದೇ. ಗೆರೆ ಮೆಲ್ಲಗೆ ಮಲಗಿತು.

ಬೆಳಿಗ್ಗೆ ವಿಚಾರಣೆಗೆ ಮುಂಚೆ ಸಾಹೇಬರು ಒಂದು ಹಾಳೆ ಮುಂದಿಟ್ಟರು. ಬೆಲ್ಟ್ ಇತ್ತು, ದ್ಯಾವಪ್ಪನೇ ಕಟ್ಟಿಕೊಳ್ಳಲಿಲ್ಲ ಎಂದು ಬರೆದಿತ್ತು. ಇವನು ಪೆನ್ನು ಕೆಳಗಿಟ್ಟ.

"ಹತ್ತು ಅಂದಾಂವ ನೀನ ಅಲ್ಲೇನು ದಸ್ತಗೀರ್? ಅದನ್ನೂ ಬರೀಲೇನು?" ಎಂದರು ಸಾಹೇಬರು, ದನಿ ಏರಿಸದೆ.

ದಸ್ತಗೀರ್‌ಸಾಬ್ ಸಹಿ ಹಾಕಿದ.

ಮಧ್ಯಾಹ್ನ ಹೊಸ ಲೋಡ್ ಕೊಟ್ಟು ದ್ಯಾವಪ್ಪನ ಜಾಗಕ್ಕೆ ಬಂದ ಹಂಪಣ್ಣನನ್ನು ಮೇಲೆ ಹತ್ತಿಸಿದರು. ಈ ಸಲ ಬೆಲ್ಟ್ ಕಟ್ಟಿಯೇ ಹತ್ತಿಸಿದರು. ಹಂಪಣ್ಣ ಹೊಸದನ್ನು ಕಿಸೆಯಲ್ಲೇ ಇಟ್ಟುಕೊಂಡು ಇಳಿದ.

"ಮ್ಯಾಲ ಮೊದಲ ಒಂದು ಐತ್ರಿ ಸಾಬ್ರ. ಬಿಗಿ ಕುಂತೈತಿ."

ದಸ್ತಗೀರ್‌ಸಾಬ್ ಖಾನೆಯ ಬೀಗ ತೆಗೆದ. ಒಳಗೆ ಏನೂ ಇರಲಿಲ್ಲ. ಯಂತ್ರದ ಕಡೆ ತಿರುಗಿದ. ಸೋರ್ಸ್ ಆರಿತ್ತು, ತುದಿ ಮುಚ್ಚಿತ್ತು... ಗೆರೆ ಎದ್ದು ನಿಂತಿತ್ತು.

ಕೇಬಲ್ ಬದಲಿಸಿದರು. ಯಂತ್ರವನ್ನೂ ಬದಲಿಸಿದರು. ದಸ್ತಗೀರ್‌ಸಾಬ್ ಕೋಣೆಯಲ್ಲಿದ್ದರೆ ಗೆರೆ ಮಲಗುತ್ತಿರಲಿಲ್ಲ. ಅವನು ಹೊರಗೆ ಹೋದರೆ ಮಲಗುತ್ತಿತ್ತು. ವರ್ಷದೊಳಗೆ ಕೆಲಸ ಬಿಟ್ಟ. ಠಾಣೆಯ ಕೆಲಸ ಸಿಗದ ಯಮನಮ್ಮ ಸಾಲಗುಂದದ ಕಡೆ ಕಾಲುವೆ ಗದ್ದೆಗಳಿಗೆ ನಾಟಿ ಹಚ್ಚಲು ಹೋದಳು.

ಸುಳ್ಳಲ್ಲ ಇದು. ಹಂಪಣ್ಣ ಇನ್ನೂ ಇದ್ದಾನೆ, ಕೇಳಿ. ಆ ಲೋಡನ್ನು ಗೋಪುರದ ಕಬ್ಬಿಣಕ್ಕೆ ಒಂದು ಹಗ್ಗದಿಂದ ಕಟ್ಟಿತ್ತಂತೆ, ಬೀಳದ ಹಾಗೆ. ಹುಣಸೆ ಗಿಡ ಹತ್ತುವವರು ನಡುವಿಗೆ ಹಾಕಿಕೊಳ್ಳುವ ಗಂಟು.