ಯಾತ್ರೆಗೆ ಮುಂಚಿನ ಮೌನ

ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ದರ್ಜಿ ಗಿರಾಕಿ ತೊಟ್ಟಿದ್ದ ಹೊಸ ಅಂಗಿಯ ಅಂಚು ಮಡಿಸುತ್ತಿದ್ದ. ಪಕ್ಕದಲ್ಲಿ ಗಿರಾಕಿಯ ಹೆಂಡತಿಯ ತಮ್ಮ, ಯಾತ್ರೆಯ ತಂಡದ ಮುಂದಾಳು.

"ಭಾವ, ಹೋದ ಸಲ ನಿಮ್ಮ ಮಾತು ತಡೀಲಾರದೆ ಪ್ರಾರ್ಥನೆಗೆ ಕೂತವರು ಎದ್ದು ಹೋದ್ರು. ಈ ಸಲ ಪ್ರಾರ್ಥನೆ ಹೊತ್ತಲ್ಲಿ ತುಟಿ ಬಿಚ್ಚಿದ್ರೆ ನಿಮ್ಮನ್ನ ಬಸ್ಸಲ್ಲೇ ಕೂರಿಸ್ತೀವಿ."

"ಬಿಚ್ಚಲ್ಲ ಕಣೋ. ಮನೇಲಿ ಅಭ್ಯಾಸ ಮಾಡ್ತಿದೀನಿ. ದಿನಾ ಸಂಜೆ ಒಂದು ಮಾತೂ ಆಡಲ್ಲ."

"ಅಕ್ಕ ಏನಂದ್ಲು?"

"ಮೊದಲ ದಿನ ಡಾಕ್ಟರ್ ಹತ್ರ ಹೋಗೋಣ ಅಂದ್ಲು."

ದರ್ಜಿಗೆ ನಗು ಉಕ್ಕಿತು. ಸೂಜಿ ನುಂಗುವ ಭಯಕ್ಕೆ ತಡೆದುಕೊಂಡ.

"ಆಮೇಲೆ?"

"ಆಮೇಲೆ ಅವಳೇ ಮಾತಾಡೋಕೆ ಶುರು ಮಾಡಿದ್ಲು. ಮದುವೆ ಆದಾಗಿಂದ ಕೂಡಿಟ್ಟ ಮಾತಂತೆ."

"ಏನಂತೆ ಭಾವ?"

"ಇನ್ನೂ ಮುಗಿದಿಲ್ಲ." ಆತ ಅಂಗಿ ಕಳಚಿಕೊಟ್ಟು ಬಾಗಿಲ ಕಡೆ ಹೊರಟ. "ಸಂಜೆ ಆಯ್ತು, ಬೇಗ ನಡಿ. ಕಾಯ್ತಿರ್ತಾಳೆ."