ಟೋಪಿ ಪೆಟ್ಟಿಗೆಯಲ್ಲಿದ್ದ ಸನ್ನದು

ನಾನು ರೋಸ್ಲಿನ್ ಪೆಟ್ರಿಚ್, ವಯಸ್ಸು 54 ವರ್ಷ, ಶಾಲಾ ಬಸ್ ಚಾಲಕಿ, ವಾಸ ಆರ್ಮಿಡೇಲ್, ನ್ಯೂ ಸೌತ್ ವೇಲ್ಸ್. ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಶನಿವಾರ ಕಾನ್‌ಸ್ಟೆಬಲ್ ಫರೂಜಿಯಾ ಮೇಡಂ ಅವರಿಗೆ, ಕಳುವಾದದ್ದು ಒಂದು ಟೋಪಿ ಮಾತ್ರ ಎಂದು ನಾನು ಹೇಳಿದ್ದು ಸುಳ್ಳು. ಏಕೆ ಹೇಳಿದೆನೆಂಬುದನ್ನೂ ದಯವಿಟ್ಟು ಬರೆದುಕೊಳ್ಳಬೇಕು.

ಆರುನೂರು ವರ್ಷ ಹಿಂದಿನ ಯುರೋಪಿನ ಉಡುಪು, ಟೋಪಿ, ಚಿನ್ನದ ರೇಕು ಅಂಟಿಸಿದ ಸನ್ನದು ಎಂಬ ಗೌರವಪತ್ರಗಳನ್ನು ಕೈಯಿಂದಲೇ ಮಾಡುವ ಕೂಟ ನಮ್ಮದು. ನಮ್ಮಲ್ಲೇ ಒಬ್ಬರು ರಾಜ, ಒಬ್ಬರು ರಾಣಿ ಆಗುತ್ತಾರೆ. ಯಾರ ಕೆಲಸ ಮೆಚ್ಚಿಗೆಯಾಗುತ್ತದೋ ಅವರ ಹೆಸರನ್ನು ದರ್ಬಾರಿನಲ್ಲಿ ಕೂಗಿ ಸನ್ನದು ಕೊಡುತ್ತಾರೆ. ಕೂಗುವ ತನಕ ಅವರಿಗೆ ಸುಳಿವು ಹತ್ತಬಾರದು. ಈ ಸನ್ನದುಗಳನ್ನೆಲ್ಲ ಇಪ್ಪತ್ತಾರು ವರ್ಷದಿಂದ ಬರೆದವರು ನೋರೀನ್ ಹ್ಯಾಸ್ಲಮ್, 71 ವರ್ಷ. ಅವರ ಹೆಸರಿಗೆ ಒಂದೂ ಇಲ್ಲ. ಬರೆಯುವವರೇ ಅವರಾದರೆ ಅವರಿಗೆ ಬರೆಯುವವರು ಯಾರು? ಮುಂದಿನ ವಾರ ಅವರು ತಂಗಿಯ ಜೊತೆಗಿರಲು ಪರ್ತ್‌ಗೆ ಹೊರಟುಹೋಗುತ್ತಾರೆ. ನಿನ್ನೆಯದೇ ಅವರಿಗೆ ಕೊನೆಯ ದರ್ಬಾರು. ಆದ್ದರಿಂದ ಬಸ್ಸಿನ ಸ್ಟೇರಿಂಗ್ ತಿರುಗಿಸುವ ಈ ಕೈಯಲ್ಲೇ ನಾನು ಕದ್ದುಮುಚ್ಚಿ ಕುಂಚ ಹಿಡಿದು, ಕರುವಿನ ತೊಗಲಿನ ಹಾಳೆಯ ಮೇಲೆ ಅವರಿಗೊಂದು ಸನ್ನದು ಬರೆದಿದ್ದೆ.

ಮಧ್ಯಾಹ್ನ 2.10ಕ್ಕೆ ನೋಡಿದಾಗ, ದರ್ಬಾರು ನಡೆಯಲಿದ್ದ ಸಭಾಭವನದ ಹಿಂದೆ ನಿಲ್ಲಿಸಿದ್ದ ನನ್ನ ಕಾರಿನ ಗಾಜು ಒಡೆದಿತ್ತು. ಟೋಪಿ ಪೆಟ್ಟಿಗೆ ಇರಲಿಲ್ಲ. ಸನ್ನದು ಅದರೊಳಗೆ, ಕೆಂಪು ಟೋಪಿಯ ಅಡಿಯಲ್ಲಿತ್ತು. ಕಾನ್‌ಸ್ಟೆಬಲ್ ಬಂದು ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳುವಾಗ ನೋರೀನ್ ನನ್ನ ಕೈ ಹಿಡಿದುಕೊಂಡೇ ನಿಂತಿದ್ದರು. ಅವರ ಮುಂದೆ ಸನ್ನದಿನ ಹೆಸರೆತ್ತುವಂತಿರಲಿಲ್ಲ. ಟೋಪಿ ಎಂದೆ. ಒಂದು ಟೋಪಿಗೆ ಯಾರಾದ್ರೂ ಇಷ್ಟು ಅಳ್ತಾರೇನಮ್ಮಾ ಎಂದು ಮೇಡಂ ಕೇಳಿದರು. ಹೋದ್ರೆ ಹೋಗ್ಲಿ ಬಿಡೇ, ಇನ್ನೊಂದು ಮಾಡ್ಕೊಡ್ತೀನಿ ಎಂದು ನೋರೀನ್ ಸಮಾಧಾನ ಹೇಳಿದರು. ನನಗೆ ಇನ್ನಷ್ಟು ಅಳು ಬಂತು.

ಕೂಟದವರೆಲ್ಲ ನಿಲುವಂಗಿ ಎತ್ತಿಕಟ್ಟಿ ಭವನದ ಹಿಂದಿನ ಹಳ್ಳದ ದಂಡೆಯುದ್ದಕ್ಕೂ ಪೆಟ್ಟಿಗೆ ಹುಡುಕಿದೆವು. 3.40ಕ್ಕೆ, ಸುಮಾರು ಮುನ್ನೂರು ಮೀಟರ್ ದೂರದಲ್ಲಿ, ಒದ್ದೆ ಹುಲ್ಲಿನಲ್ಲಿ ಬಿದ್ದಿದ್ದ ಸನ್ನದು ಸಿಕ್ಕಿತು. ಸಿಕ್ಕಿದ್ದು ಯಾರ ಕೈಗೆ? ನೋರೀನ್ ಕೈಗೇ! ಅಕ್ಕಾ ಓದ್ಬೇಡಿ ಎಂದು ಕಿರುಚುತ್ತ ಓಡಿದೆ. ಅಷ್ಟರಲ್ಲಿ ಅವರು ಬರಹದ ಮೇಲೆ ಶಾಲು ಮುಚ್ಚಿಯಾಗಿತ್ತು. ಕಿರುಚ್ಬೇಡ್ವೇ, ದರ್ಬಾರಿಗೆ ಮುಂಚೆ ಇನ್ನೊಬ್ರ ಹೆಸರು ನಾನ್ಯಾವತ್ತು ಓದಿದೀನಿ ಎಂದು ಗದರಿದರು.

ಮೇಲಿನ ದೊಡ್ಡಕ್ಷರದ ಚಿನ್ನ ಎದ್ದುಹೋಗಿತ್ತು. ಯಾವ ಪುಣ್ಯಾತ್ಗಿತ್ತಿ ಹಚ್ಚಿದ್ಳೇ ಇದನ್ನ ಎಂದರು. ಗೊತ್ತಿಲ್ಲ ಎಂದೆ. ಇದೂ ಸುಳ್ಳೇ, ಬರೆದುಕೊಳ್ಳಿ. ಅವರು ಭವನದ ಅಡುಗೆಮನೆಯಲ್ಲಿ ಕೂತು, ಬರಹ ಕಾಣದಂತೆ ಕಾಗದ ಕಟ್ಟಿ, ಅಕ್ಷರಕ್ಕೆ ಹೊಸ ಅಂಟು ಹಚ್ಚಿದರು. ಕನ್ನಡಕ ಒರೆಸುವವರ ಹಾಗೆ ಅದರ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು ಹೊಸ ರೇಕು ಕೂರಿಸಿದರು. ಯಾರಿಗೋ ಪಾಪ ಇವತ್ತು ಒಳ್ಳೇ ದಿನ, ಕೆಡಬಾರದು ಎಂದರು. ನಾನು ಹೊರಗೆ ಹೋಗಿ ನಿಂತೆ.

5.30ಕ್ಕೆ ದರ್ಬಾರಿನಲ್ಲಿ ಅವರ ಹೆಸರು ಕೂಗಿದರು. ನೋರೀನ್ ರಿಪೇರಿಯ ವಿಷಯ ಕೇಳಲು ಕರೆದರೆಂದೇ ತಿಳಿದು ಎದ್ದುಹೋಗಿ, ಅಂಟು ಇನ್ನೂ ಹಸಿ, ಅಂಚು ಹಿಡ್ಕೊಳಿ ಎಂದು ರಾಜನಿಗೇ ಹೇಳಿದರು. ರಾಜ ಸನ್ನದು ಓದಿದ. ಇರಲಾರದು, ಸರಿಯಾಗಿ ನೋಡಪ್ಪಾ ಎಂದರು. ಅವನು ಹಾಳೆ ತಿರುಗಿಸಿ ತೋರಿಸಿದ. ಅವರು ತಮ್ಮ ಹೆಸರಿನ ಕೆಳಗೆ ಬೆರಳಿಟ್ಟು ಓದಿದರು. ಮತ್ತೊಂದು ಸಲ ಓದಿದರು.

ಟೋಪಿ ಸಿಕ್ಕಿಲ್ಲ. ಕದ್ದವರು ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ಉಳಿದ ಸ್ವತ್ತು ಅದರ ವಾರಸುದಾರರಿಗೆ ತಲುಪಿದೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಿನ್ನೆಯದು ಸುಳ್ಳಾದರೂ ಇಂದಿನದು ಪೂರಾ ನಿಜ.

ಸ್ಥಳ: ಆರ್ಮಿಡೇಲ್
ದಿನಾಂಕ: ಜೂನ್ 16, ಭಾನುವಾರ
ಸಹಿ: ರೋಸ್ಲಿನ್ ಪೆಟ್ರಿಚ್