ಹದಿನೇಳನೆಯ ತಲೆ

ಮಾನ್ಯ ಅಧ್ಯಕ್ಷರಾದ ತೌಫೀಕ್ ಸಾಹೇಬರೇ, ವೇದಿಕೆಯ ಮೇಲಿನ ಗಣ್ಯರೇ, ದುಬೈಯ ಈ ಊದ್ ಮೇಥಾದಲ್ಲಿ ಪಾರ್ಕಿಂಗ್ ಸಿಕ್ಕಿ ಒಳಗೆ ಬಂದು ಕುಳಿತಿರುವ ಪುಣ್ಯವಂತ ಸಭಿಕರೇ, ಇನ್ನೂ ಹೊರಗೆ ಸುತ್ತು ಹೊಡೆಯುತ್ತಿರುವ ಅವರ ಗಂಡಂದಿರೇ,

ಮೊದಲಿಗೆ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಖ್ಯಾತ ಮೆದುಳು ವಿಜ್ಞಾನಿ’ ಎಂದು ಅಚ್ಚಾಗಿದೆ. ನಾನು ವಿಜ್ಞಾನಿಯಲ್ಲ. ಅಚ್ಚಿಗೆ ಹೋಗುವ ಮುನ್ನ ತೌಫೀಕ್ ಅದನ್ನು ನನಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದರು. ನೋಡಿದೆ. ಎರಡು ಸಲ ನೋಡಿದೆ. ಮೂರನೆಯ ಸಲ ನನ್ನ ಹೆಂಡತಿ ಅಗಾತಾಳಿಗೂ ತೋರಿಸಿದೆ. ಆಮೇಲೆ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ ಒಪ್ಪಿಗೆ ಕೊಟ್ಟೆ. ಸುಳ್ಳು ದಾಖಲೆಗೆ ಅನುಮೋದನೆ ಕೊಟ್ಟ ಈ ಅಪರಾಧಕ್ಕೆ ತಾವು ಕೊಟ್ಟ ಶಿಕ್ಷೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ.

ಹಾಗಾದರೆ ಈ ಕಾನ್ರಾಡ್ ಮಾಡುವುದೇನು? ಅಬುಧಾಬಿಯ ನಮ್ಮ ಸಂಶೋಧನಾ ಕೇಂದ್ರದಲ್ಲಿ ಎರಡು ಮೂರು ಭಾಷೆ ಆಡುವವರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸುತ್ತಾರೆ. ಮಾತನ್ನು ಹುಡುಕುವಾಗ ಮೆದುಳಿನ ಯಾವ ಭಾಗ ಎಚ್ಚರವಾಗುತ್ತದೆಂದು ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳಿಂದ ಹೆಸರು ಕಿತ್ತು ಸಂಖ್ಯೆ ಕೊಡುವುದು, ಯಾರೂ ಗುರುತಿಸದಂತೆ ಮುಖ ಅಳಿಸುವುದು, ತಪ್ಪು ಹುಡುಕುವುದು, ಕೊನೆಗೆ ಜಗತ್ತಿನ ಯಾವ ಮೂಲೆಯ ಸಂಶೋಧಕರೂ ಬಳಸುವಂತೆ ಇಂಟರ್ನೆಟ್ಟಿನಲ್ಲಿ ತೆರೆದಿಡುವುದು, ಇಷ್ಟೇ ನನ್ನ ಕೆಲಸ. ತಲೆಗಳಿಗೆ ತಲೆಬರಹ ಬರೆಯುವವನು ಎನ್ನಿ. ಸುಲಭವೆಂದುಕೊಳ್ಳಬೇಡಿ. ನಾನು ಸೇರಿದ ದಿನ ಒಂದೇ ಮೆದುಳಿಗೆ ನಾಲ್ಕು ಫೈಲುಗಳಿದ್ದವು: ಫೈನಲ್, ನ್ಯೂ ಫೈನಲ್, ಯಲ್ಲಾ ಫೈನಲ್, ಖಲಾಸ್ ಫೈನಲ್.

ಇನ್ನೂರ ನಲವತ್ತು ತಲೆಗಳು. ಅವುಗಳಲ್ಲಿ ಅರುವತ್ತು ನಮ್ಮ ಕರಾವಳಿಯವು. ಈ ವರ್ಷ, ಎರಡು ಸಾವಿರದ ಹದಿನೇಳರ ಮಾರ್ಚಿನಲ್ಲಿ, ಎಲ್ಲವನ್ನೂ ಜಗತ್ತಿಗೆ ತೆರೆದಿಟ್ಟೆವು. ಸನ್ಮಾನಪತ್ರದಲ್ಲಿ ‘ಒಂದೂ ತಪ್ಪಿಲ್ಲದ ದಾಖಲೆ’ ಎಂದು ಓದಿದರಲ್ಲ, ಆ ಮಾತನ್ನು ತೌಫೀಕರಿಗೆ ಬರೆದುಕೊಟ್ಟವನು ನಾನೇ. ಹೆಮ್ಮೆಯಿಂದಲೇ ಬರೆದುಕೊಟ್ಟೆ.

ತಪ್ಪು ಹುಡುಕುವುದು ಹೇಗೆಂದು ಒಂದು ಉದಾಹರಣೆ ಹೇಳುತ್ತೇನೆ. ಚಿತ್ರ ಯಂತ್ರದಿಂದ ಕಂಪ್ಯೂಟರಿಗೆ ಬರುವಾಗ ಎಡಬಲ ಅದಲುಬದಲಾಗುವುದುಂಟು, ಕನ್ನಡಿಯಲ್ಲಿ ಕಂಡ ಹಾಗೆ. ಅದಕ್ಕಾಗಿ ಮಲಗುವವರ ಬಲಗಿವಿಯ ಬಳಿ ಎಣ್ಣೆ ತುಂಬಿದ ಒಂದು ವಿಟಮಿನ್ ಮಾತ್ರೆಯನ್ನು ಅಂಟಿಸುತ್ತಾರೆ. ಚಿತ್ರದಲ್ಲಿ ಅದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಇದ್ದ ಕಡೆ ಬಲ. ಕೋಟಿಗಟ್ಟಲೆಯ ಯಂತ್ರಕ್ಕೆ ಎಡಬಲ ಕಲಿಸುವುದು ಒಂದು ಮಾತ್ರೆ!

ಆ ಮಾತ್ರೆ ಅಂಟಿಸುತ್ತಿದ್ದವರು ನಮ್ಮ ಯಂತ್ರ ನೋಡಿಕೊಳ್ಳುತ್ತಿದ್ದ ಗ್ರೇಸಿಬಾಯಿ. ಹದಿನೇಳನೆಯ ಸಂಖ್ಯೆಯ ಚಿತ್ರದಲ್ಲಿ ಮಾತಿನ ಜಾಗ ಬಲಕ್ಕೆ ಬೆಳಗಿತ್ತು. ಬಲಗೈಯವರಲ್ಲಿ ಅದು ಎಡಕ್ಕಿರುವುದೇ ವಾಡಿಕೆ, ಎಡಗೈಯವರಲ್ಲಿ ಕೆಲವೊಮ್ಮೆ ಬಲಕ್ಕಿರುವುದುಂಟು. ಈ ವ್ಯಕ್ತಿಯೋ, ಯಾವ ಕೈ ಬಳಸುತ್ತೀರಿ ಎಂಬ ಹತ್ತು ಪ್ರಶ್ನೆಗೂ ‘ಬಲ’ ಎಂದೇ ಟಿಕ್ ಹಾಕಿದ್ದ. ಅಂದಮೇಲೆ ಮಾತ್ರೆಯನ್ನೇ ತಪ್ಪು ಕಡೆ ಅಂಟಿಸಿರಬೇಕು. ನಾನು ಗ್ರೇಸಿಬಾಯಿಯನ್ನು ಕರೆದು ಕೇಳಿದೆ.

“ಸರ್, ನಾನು ಬಲಕ್ಕೇ ಅಂಟಿಸಿದ್ದು. ದಿನಾ ಬಲಗೈಯಲ್ಲಿ ಶಿಲುಬೆ ಗುರುತು ಹಾಕ್ತೇನೆ, ನನಗೆ ಬಲ ಯಾವುದು ಅಂತ ಗೊತ್ತಿಲ್ವಾ?” ಎಂದರು.

“ಗೊತ್ತಿದ್ದವರಿಗೂ ಒಮ್ಮೆ ಎಡವಟ್ಟಾಗುತ್ತದೆ ಬಾಯಿ,” ಎಂದು ನಾನು ಮಾತಿನ ಚಮತ್ಕಾರ ತೋರಿಸಿದೆ. ಅವರು ನಗಲಿಲ್ಲ.

ವರದಿಯಲ್ಲಿ ಬರೆದೆ: ‘ಚಿತ್ರ ಹದಿನೇಳು, ನಿರ್ವಾಹಕಿಯ ತಪ್ಪು.’ ಮೂರು ಪದ, ಒಂದು ಸಂಖ್ಯೆ. ಆ ವರ್ಷ, ಎರಡು ಸಾವಿರದ ಹದಿನೈದರಲ್ಲಿ, ಅವರ ಕರಾರು ನವೀಕರಣವಾಗಲಿಲ್ಲ. ವೀಸಾ ರದ್ದಾಯಿತು. ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ಕೆಲಸಕ್ಕಿರುವ ಗಂಡ ಅಲೆಕ್ಸಾಂಡರ್ ತಮ್ಮ ವೀಸಾಕ್ಕೆ ಅವರನ್ನು ಸೇರಿಸಿಕೊಂಡರು. ಅಂದಿನಿಂದ ಗ್ರೇಸಿಬಾಯಿ ಮನೆಯಲ್ಲಿದ್ದಾರೆ. ನಿಯಮದ ಪ್ರಕಾರವೇ ನಡೆದೆ ಎಂದು ನಾನು ನೆಮ್ಮದಿಯಾಗಿದ್ದೆ. ನಿಯಮಕ್ಕಿಂತ ಮೆತ್ತನೆಯ ದಿಂಬು ಇನ್ನೊಂದಿಲ್ಲ.

ಮರುವರ್ಷ ಇನ್ನೊಂದು ಸಂಗತಿ ನಡೆಯಿತು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಕೆಫೆಟೇರಿಯಾ ಇಟ್ಟಿರುವ ಯಾಕೂಬಾಕ ಅಲ್ಲಿ ಹಿಂದಿನ ಸಾಲಿನಲ್ಲಿದ್ದಾರೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ನಮ್ಮಲ್ಲಿ ಒಪ್ಪಿಗೆಯಿಲ್ಲದೆ ತಲೆಯ ವಿಷಯ ಎತ್ತುವಂತಿಲ್ಲ. ಅವರೂ ನಮ್ಮ ಯಂತ್ರದಲ್ಲಿ ಮಲಗೆದ್ದವರು. ಒಂದು ಸಂಜೆ ಅವರಲ್ಲಿ ಚಹಾಕ್ಕೆ ನಿಂತಿದ್ದಾಗ ನೋಡುತ್ತೇನೆ, ಅಷ್ಟೆತ್ತರದಿಂದ ಚಹಾ ಹೊಯ್ಯುತ್ತಿರುವುದು ಎಡಗೈ!

“ಏನು ಯಾಕೂಬಾಕ, ಫಾರ್ಮಿನಲ್ಲಿ ಎಲ್ಲ ಬಲ ಅಂತ ಹಾಕಿದ್ದೀರಿ?”

“ಹಾಕದೆ? ಅದು ಸಹಿ ಮಾಡಿ ಕೊಡುವ ಪೇಪರಲ್ವಾ ಮಾರಾಯ್ರೆ! ಎಡಗೈಯವ ಅಂತ ಬರೆದುಕೊಟ್ರೆ ನಾಳೆ ನನ್ನ ಚಾಯ ಯಾರು ಕುಡೀತಾರೆ?”

“ಮನೆಯಲ್ಲಿ ಜುಬೈದಕ್ಕನಿಗೆ ಗೊತ್ತುಂಟಾ?”

“ಅವಳಿಗೆ ಗೊತ್ತಿಲ್ಲದ್ದು ನನ್ನಲ್ಲಿ ಏನುಂಟು? ಊಟಕ್ಕೆ ಮಾತ್ರ ಬಲ. ಮೀನು ಕೊಯ್ಯಲಿಕ್ಕೆ, ಬಲ್ಬು ಹಾಕಲಿಕ್ಕೆ, ಅವಳ ತಮ್ಮನಿಗೆ ಒಮ್ಮೆ ಬಾರಿಸಲಿಕ್ಕೆ, ಎಲ್ಲ ಎಡವೇ!”

ಸಭಿಕರೇ, ತಾವು ನಗುತ್ತಿದ್ದೀರಿ. ಆದರೆ ನಮ್ಮವರಲ್ಲಿ ಯಾರು ಕಾಗದದ ಮೇಲೆ ಎಡ ಎಂದು ಬರೆಯುತ್ತಾರೆ? ಎಡಗೈಯಲ್ಲಿ ಕೊಟ್ಟದ್ದನ್ನು ಯಾರು ತೆಗೆದುಕೊಳ್ಳುತ್ತಾರೆ? ಉಡುಪಿ ಕಡೆಯ ಒಂದು ಶಾಲೆಯಲ್ಲಿ, ಎಡಗೈಯಲ್ಲಿ ಬಳಪ ಹಿಡಿದರೆ ಆ ಕೈಯನ್ನು ಕರವಸ್ತ್ರದಿಂದ ಬೆಂಚಿಗೆ ಕಟ್ಟುತ್ತಿದ್ದರು. ನೀಲಿ ಅಂಚಿನ ಕರವಸ್ತ್ರ. ಗಂಟು ಹೆಬ್ಬೆರಳಿನ ಬುಡಕ್ಕೆ ಒತ್ತುತ್ತಿತ್ತು, ಮಧ್ಯಾಹ್ನದ ಗಂಟೆಯ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತಿತ್ತು. ಹೀಗೆ ಬಲವಂತದಿಂದಲೇ ನಮ್ಮೂರು ಬಲಗೈಯವರ ಊರಾಯಿತು. ಇರಲಿ, ವಿಷಯಕ್ಕೆ ಬರುತ್ತೇನೆ.

ಕೇಂದ್ರದಲ್ಲಿ ಅನುಮತಿ ಕೇಳಿ, ಬೀಗದ ಕಪಾಟಿನಲ್ಲಿದ್ದ, ಯಾವ ಸಂಖ್ಯೆ ಯಾರದೆಂದು ತಿಳಿಸುವ ಪಟ್ಟಿಯನ್ನು ತೆರೆಸಿದೆ. ನಮ್ಮ ಕರಾವಳಿಯ ಒಬ್ಬೊಬ್ಬರನ್ನೂ ಕಂಡು ಮಾತನಾಡಿಸಿದೆ. ಮಾತಿನ ನಡುವೆ ಕಾರಿನ ಕೀಲಿಯನ್ನು ಅವರತ್ತ ಎಸೆಯುತ್ತಿದ್ದೆ. ಹಿಡಿದದ್ದು ಯಾವ ಕೈ? ಬಾಯಿ ಸುಳ್ಳು ಹೇಳಬಹುದು, ಕೀಲಿ ಹಿಡಿಯುವ ಕೈಗೆ ಅಷ್ಟು ಪುರುಸೊತ್ತಿಲ್ಲ. ಹನ್ನೊಂದು ಮಂದಿ ಎಡಗೈಯವರು ಸಿಕ್ಕಿದರು. ಹನ್ನೊಂದನ್ನೂ ತಿದ್ದಿದೆ. ನಮ್ಮ ಜನರ ಮೆದುಳನ್ನು ನಮ್ಮ ಜನರ ನಾಚಿಕೆಯಿಂದ ಬಿಡಿಸಿ ಓದಿದವರು ಇನ್ನಿಲ್ಲವೆಂದು ನಿರ್ದೇಶಕರು ಬೆನ್ನು ತಟ್ಟಿದರು. ಆ ಪಟ್ಟಿಯನ್ನು ಮಾರ್ಚಿನಲ್ಲಿ ನಿಯಮದಂತೆ ನಾಶ ಮಾಡಲಾಯಿತು. ಹದಿನೇಳನೆಯವರು ಯಾರೆಂದು ಇನ್ನು ಯಾವ ದಾಖಲೆಯೂ ಹೇಳಲಾರದು.

ಹಾಗಾದರೆ ಹದಿನೇಳನ್ನು ತಿದ್ದಿದೆನೇ ಎಂದು ತಾವು ಕೇಳಬಹುದು. ಕೇಳಬೇಕು.

ಇಂದು ಕಾರ್ಯಕ್ರಮ ಶುರುವಾಗುವ ಮೊದಲು ಬಾಗಿಲ ಬಳಿ ಗ್ರೇಸಿಬಾಯಿ ಸಿಕ್ಕಿದರು. ಮಗಳು ಆಶ್ಲೆಯ ನೃತ್ಯವಿದೆಯೆಂದು ಬಂದಿದ್ದರಂತೆ. ನಾಲ್ಕನೆಯ ಸಾಲಿನಲ್ಲಿ, ಅಲೆಕ್ಸಾಂಡರರ ಪಕ್ಕದಲ್ಲಿ, ಈಗಲೂ ಇದ್ದಾರೆ. ಅಭಿನಂದನೆ ಹೇಳಿ ನನ್ನ ಕೈ ಕುಲುಕಿದರು.

“ಸರ್, ಶಾರ್ಜಾದ ಒಂದು ಆಸ್ಪತ್ರೆಯಲ್ಲಿ ಭಾನುವಾರ ಇಂಟರ್‌ವ್ಯೂ ಉಂಟು. ಹೋದಲ್ಲೆಲ್ಲ ಆ ರಿಪೋರ್ಟ್ ಕೇಳ್ತಾರೆ. ಒಂದೇ ಸಲ ತಪ್ಪಿದ್ದು, ಮತ್ತೆ ಯಾವಾಗಲೂ ತಪ್ಪಲಿಲ್ಲ ಅಂತ ಒಂದು ಲೆಟರ್ ಕೊಡ್ತೀರಾ?”

ತಪ್ಪಿಲ್ಲ ಎಂದು ಹೇಳಿದ್ದ ಹೆಂಗಸು ಈಗ ‘ಒಂದೇ ಸಲ ತಪ್ಪಿದ್ದು’ ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಅವರೇ ನನ್ನ ವರದಿಯನ್ನು ನಂಬಿಬಿಟ್ಟಿದ್ದರು. ನಾನು ಏನೆಂದೆ ಗೊತ್ತೇ? “ನೋಡೋಣ” ಎಂದೆ. ಆಮೇಲೆ ಮೇಲೆ ಬಂದು ಶಾಲು ಹೊದೆಸಿಕೊಂಡೆ.

ನಾನು ಬರೆದುಕೊಂಡು ಬಂದ ಭಾಷಣ ನಿರ್ದೇಶಕರು ಬೆನ್ನು ತಟ್ಟಿದ ಜಾಗದಲ್ಲೇ ಮುಗಿಯುತ್ತದೆ. ಮುಂದಿನದು ಕಾಗದದಲ್ಲಿಲ್ಲ.

ಗ್ರೇಸಿಬಾಯಿ, ನಿಮಗೆ ಪತ್ರ ಕೊಡುತ್ತೇನೆ. ಆದರೆ ನೀವು ಕೇಳಿದ ಪತ್ರವನ್ನಲ್ಲ. ಅದರಲ್ಲಿ ಹೀಗಿರುತ್ತದೆ: ‘ಚಿತ್ರ ಹದಿನೇಳರಲ್ಲಿ ಮಾತ್ರೆ ಬಲಕ್ಕೇ ಇತ್ತು. ನಿರ್ವಾಹಕಿಯ ತಪ್ಪಿಲ್ಲ. ಮಲಗಿದ್ದ ವ್ಯಕ್ತಿ ಎಡಗೈಯವನು. ಹತ್ತು ಪ್ರಶ್ನೆಗೂ ಸುಳ್ಳು ಬರೆದಿದ್ದಾನೆ.’ ಇದೇ ಮಾತು ನಾಳೆ ಬೆಳಿಗ್ಗೆ ಕೇಂದ್ರಕ್ಕೂ, ಜಗತ್ತಿಗೆ ತೆರೆದಿಟ್ಟ ದಾಖಲೆಗೂ ಸೇರುತ್ತದೆ. ಶಾರ್ಜಾದವರು ಕೇಳಿದರೆ ನನ್ನ ನಂಬರು ಕೊಡಿ.

ಪಟ್ಟಿ ನಾಶವಾದ ಮೇಲೆ ಇದು ನನಗೆ ಹೇಗೆ ಗೊತ್ತು? ಆರಂಭದಲ್ಲಿ ಜನ ಸಾಲದಿದ್ದಾಗ ನಾವು ಕೆಲಸದವರೂ ಒಬ್ಬೊಬ್ಬರಾಗಿ ಮಲಗಿದ್ದೆವು. ಸಂಖ್ಯೆಯನ್ನು ಚೀಟಿ ಎತ್ತಿದಂತೆ ಕಂಪ್ಯೂಟರೇ ಆರಿಸುತ್ತಿದ್ದುದರಿಂದ ನನ್ನದು ಯಾವುದೆಂದು ನನಗೂ ಗೊತ್ತಿರಲಿಲ್ಲ. ಪಟ್ಟಿ ತೆರೆದ ದಿನ ಹದಿನೇಳರ ಎದುರಿಗೆ ಇದ್ದ ಹೆಸರನ್ನು ಓದಿ ಮಡಚಿಟ್ಟೆ. ಉಳಿದೆಲ್ಲರತ್ತ ಕೀಲಿ ಎಸೆದೆ. ನನ್ನತ್ತ ಎಸೆಯುವವರು ಯಾರೂ ಇರಲಿಲ್ಲ. ತಿದ್ದುಪಡಿಯನ್ನು ಅಂದೇ ಟೈಪು ಮಾಡಿದ್ದೆ. ಒಂದು ವರ್ಷದಿಂದ ಅದು ನನ್ನ ಕಂಪ್ಯೂಟರಿನಲ್ಲಿದೆ, ಕಳುಹಿಸಿಲ್ಲ.

ಅಧ್ಯಕ್ಷರೇ, ಸನ್ಮಾನಪತ್ರದ ಆ ಒಂದು ಸಾಲನ್ನು ದಯವಿಟ್ಟು ಹೊಡೆದುಹಾಕಿ. ಇಷ್ಟು ಹೊತ್ತು ಕೇಳಿದ ತಮಗೂ, ಎರಡು ವರ್ಷ ಸುಮ್ಮನಿದ್ದ ಗ್ರೇಸಿಬಾಯಿಗೂ ನನ್ನ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ. ಹದಿನೇಳನೆಯ ತಲೆ ತಮ್ಮೆದುರಿಗೇ ನಿಂತಿದೆ. ಈ ಸಲ ಮುಖ ಅಳಿಸಿಲ್ಲ.